ಒಂದು ಚೌಕಕ್ಕೆ ಒಂದು ಗುಂಟೆ: ಕಲ್ಲಿದ್ದಲು ಗಣಿಗಳ ಸುತ್ತಲಿನ ನೆಲ ನೋಡಲು ಕೋಪರ್ನಿಕಸ್ ಬ್ರೌಸರ್

ಕರ್ನಾಟಕದಲ್ಲಿ ಒಂದೂ ಕಲ್ಲಿದ್ದಲು ಗಣಿಯಿಲ್ಲ. ಆದರೂ ತುಮಕೂರಿನ ಮನೆಗಳಲ್ಲಿ ನಾವು ಬಳಸುವ ವಿದ್ಯುತ್ತಿನ ಒಂದು ಪಾಲು ರಾಯಚೂರಿನ ಶಕ್ತಿನಗರ ಮತ್ತು ಬಳ್ಳಾರಿಯ ಕುಡಿತಿನಿಯ ಸ್ಥಾವರಗಳಿಂದ ಬರುತ್ತದೆ. ಅಲ್ಲಿ ಉರಿಯುವ ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿ ಗಣಿಗಳಿಂದಲೋ, ಮಹಾರಾಷ್ಟ್ರದ ಚಂದ್ರಾಪುರದಿಂದಲೋ, ಒಡಿಶಾದಿಂದಲೋ ರೈಲಿನಲ್ಲಿ ಬಂದಿರುತ್ತದೆ. ಚಂದ್ರಾಪುರ ಜಿಲ್ಲೆಯ ಭದ್ರಾವತಿ ತಾಲ್ಲೂಕಿನ ಬರಾಂಜ್ ಗಣಿಯಂತೂ ನಮ್ಮದೇ ಕರ್ನಾಟಕ ವಿದ್ಯುತ್ ನಿಗಮಕ್ಕೆ ಹಂಚಿಕೆಯಾಗಿರುವ ಗಣಿ. ಹೀಗಿರುವಾಗ ಆ ಗಣಿಗಳ ಸುತ್ತಲಿನ ಹೊಲ, ಕಾಡು, ಕೆರೆಗಳಿಗೆ ಏನಾಗುತ್ತಿದೆ ಎಂದು ಇಲ್ಲಿ ಕುಳಿತು ಕೇಳುವುದು ಅಧಿಕಪ್ರಸಂಗವಲ್ಲ, ನಮ್ಮ ಕರ್ತವ್ಯ. ಪದವಿ ತರಗತಿಗಳಿಗೆ ಭೂಗೋಳಶಾಸ್ತ್ರ ಬೋಧಿಸುವ ನಾನು ಈ ಕೆಲಸಕ್ಕಾಗಿ ಉಪಗ್ರಹ ಚಿತ್ರಗಳನ್ನು ತೋರಿಸುವ, ಐರೋಪ್ಯ ಒಕ್ಕೂಟದ ಕೋಪರ್ನಿಕಸ್ ಬ್ರೌಸರ್ ಎಂಬ ಅಂತರ್ಜಾಲ ಸೇವೆಯನ್ನು ವಿದ್ಯಾರ್ಥಿಗಳೊಂದಿಗೆ ಸಾಕಷ್ಟು ಕಾಲ ಬಳಸಿದ್ದೇನೆ. ಅದರ ವಿಮರ್ಶೆ ಇಲ್ಲಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಹಣ ಕೊಡದೆ, ಯಾವ ಕಚೇರಿಯ ಅನುಮತಿಯೂ ಬೇಕಿಲ್ಲದೆ, ಒಬ್ಬ ಸಾಮಾನ್ಯ ನಾಗರಿಕ ಗಣಿಯ ಹರಡುವಿಕೆಯನ್ನು ತಿಂಗಳು ತಿಂಗಳೂ ನೋಡಬಹುದಾದ ಸಾಧನಗಳಲ್ಲಿ ಇದಕ್ಕಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ. ಆದರೆ ಇದು ತೋರಿಸುವುದು ಗಿಡ, ನೀರು, ಬರಿನೆಲ ಎಂಬ ನೆಲದ ಮೇಲಿನ ಹೊದಿಕೆಯನ್ನೇ ಹೊರತು, ಯಾರು ಯಾವುದಕ್ಕೆ ಬಳಸುತ್ತಾರೆ ಎಂಬ ನೆಲದ ಬಳಕೆಯನ್ನಲ್ಲ. ಈ ಎರಡರ ನಡುವಿನ ಅಂತರ ತಿಳಿಯಬೇಕಾದರೆ ಮೊದಲು ನಾವು ನಡೆದಾಡಿ ಬಲ್ಲ ನೆಲದ ಮೇಲೆ ಈ ಸಾಧನವನ್ನು ಪರೀಕ್ಷಿಸಬೇಕು. ನಮ್ಮ ಜಿಲ್ಲೆಯಲ್ಲಿ ಅಂಥ ಪರೀಕ್ಷೆಗೆ ಪಾವಗಡವೂ ಇದೆ, ಚಿಕ್ಕನಾಯಕನಹಳ್ಳಿಯೂ ಇದೆ. ಅಲ್ಲಿ ಕಣ್ಣು ಪಳಗಿಸಿಕೊಳ್ಳದೆ ಮಧ್ಯಪ್ರದೇಶದ ಸಿಂಗ್ರೌಲಿ ಕಲ್ಲಿದ್ದಲು ಗಣಿಗಳ ಬಗ್ಗೆಯೋ ಚಂದ್ರಾಪುರದ ಬಗ್ಗೆಯೋ ತೀರ್ಪು ಕೊಡಬಾರದು ಎಂಬುದು ನನ್ನ ಖಚಿತ ನಿಲುವು.

ಸೇವೆಯ ಸ್ವರೂಪ ಸರಳವಾಗಿದೆ. ಇಮೇಲ್ ವಿಳಾಸ ಕೊಟ್ಟು ಉಚಿತ ಖಾತೆ ತೆರೆದ ಮೇಲೆ ನಕಾಶೆಯಲ್ಲಿ ಬೇಕಾದ ಸ್ಥಳಕ್ಕೆ ಹೋಗಿ, ಕ್ಯಾಲೆಂಡರಿನಲ್ಲಿ ದಿನಾಂಕ ಆರಿಸಿದರೆ ಆ ದಿನ ಉಪಗ್ರಹ ತೆಗೆದ ಚಿತ್ರ ತೆರೆಯುತ್ತದೆ. ಮೋಡ ಎಷ್ಟಿದ್ದರೆ ಸಾಕು ಎಂದು ಮೊದಲೇ ಮಿತಿ ಹಾಕಬಹುದು. ಎರಡು ದಿನಾಂಕಗಳ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು, ನಡುವಿನ ಗೆರೆಯನ್ನು ಎಡಕ್ಕೂ ಬಲಕ್ಕೂ ಸರಿಸುತ್ತಾ ಹೋಲಿಸಬಹುದು. ಒಂದು ಪ್ರದೇಶದ ಸುತ್ತ ಗೆರೆ ಎಳೆದರೆ ಅದರ ವಿಸ್ತೀರ್ಣ ಸಿಗುತ್ತದೆ. ಆ ಪ್ರದೇಶದ ಹಸಿರಿನ ಸೂಚ್ಯಂಕ ಕಾಲಕಾಲಕ್ಕೆ ಏರಿಳಿದ ರೇಖಾಚಿತ್ರವೂ ಸಿಗುತ್ತದೆ. ಕೆಎಂಎಲ್ ಎಂಬ ನಕಾಶೆ ಕಡತದ ರೂಪದಲ್ಲಿ ಗಣಿ ಗುತ್ತಿಗೆ ಪ್ರದೇಶದ ಗಡಿ ನಿಮ್ಮಲ್ಲಿದ್ದರೆ ಅದನ್ನೂ ಏರಿಸಿ ಚಿತ್ರದ ಮೇಲೆ ಕೂರಿಸಬಹುದು. ಈ ಕೊನೆಯ ಸೌಲಭ್ಯ ಗಣಿಯ ಕೆಲಸಕ್ಕೆ ಬಹಳ ಮುಖ್ಯ, ಏಕೆಂದರೆ ಸೇವೆಯಲ್ಲಿ ತಾನಾಗಿಯೇ ಯಾವ ಗಣಿಯ ಗಡಿಯೂ ಇರುವುದಿಲ್ಲ.

ಇದರಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಸೆಂಟಿನೆಲ್-2 ಸರಣಿಯ ಚಿತ್ರಗಳು. ಮೊದಲ ಉಪಗ್ರಹ 2015ರ ಜೂನ್‌ನಲ್ಲಿ, ಎರಡನೆಯದು 2017ರ ಮಾರ್ಚ್‌ನಲ್ಲಿ ಕಕ್ಷೆ ಸೇರಿದವು. ಎರಡೂ ಸೇರಿ ಐದು ದಿನಗಳಿಗೊಮ್ಮೆ ಅದೇ ನೆಲದ ಮೇಲೆ ಹಾದುಹೋಗುವ ವ್ಯವಸ್ಥೆ ಅಂದಿನಿಂದ ಶುರುವಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಮೂರನೆಯದೂ ಹಾರಿತು. ಬೆಳಕನ್ನು 13 ಪಟ್ಟಿಗಳಾಗಿ ವಿಂಗಡಿಸಿ ದಾಖಲಿಸುವ ಈ ಉಪಗ್ರಹಗಳಲ್ಲಿ ನೀಲಿ, ಹಸಿರು, ಕೆಂಪು ಮತ್ತು ಸಮೀಪದ ಅವಕೆಂಪು (ಕೆಂಪಿನ ಆಚೆಗಿನ, ಕಣ್ಣಿಗೆ ಕಾಣದ ಬೆಳಕು) ಪಟ್ಟಿಗಳ ಚಿತ್ರದ ಒಂದೊಂದು ಚೌಕವೂ (ಪಿಕ್ಸೆಲ್) ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲವಿರುತ್ತದೆ.

ಈ ಅಳತೆಯನ್ನು ನಮ್ಮ ಲೆಕ್ಕಕ್ಕೆ ತಂದುಕೊಂಡರೆ ಎಷ್ಟೋ ವಿಷಯ ತಿಳಿಯಾಗುತ್ತದೆ. 10 ಮೀಟರ್ ಚೌಕ ಎಂದರೆ 100 ಚದರ ಮೀಟರ್. ಒಂದು ಗುಂಟೆ ಎಂದರೆ 1,089 ಚದರ ಅಡಿ, ಅಂದರೆ ಹೆಚ್ಚುಕಡಿಮೆ 101 ಚದರ ಮೀಟರ್. ಸೆಂಟಿನೆಲ್-2 ಚಿತ್ರದ ಒಂದು ಚೌಕ ನಮ್ಮ ಒಂದು ಗುಂಟೆಗೆ ಸಮ. ನಲವತ್ತು ಚೌಕಕ್ಕೆ ಒಂದು ಎಕರೆ. ತರಗತಿಯಲ್ಲಿ ಇದನ್ನು ಹೇಳಿದ ಕ್ಷಣದಿಂದ ರೈತರ ಮನೆಯ ಮಕ್ಕಳಿಗೆ ಉಪಗ್ರಹ ಚಿತ್ರದ ಬಗ್ಗೆ ಇದ್ದ ಅಳುಕು ಹೋಗುತ್ತದೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರದ 30 ಮೀಟರ್ ಚೌಕ ಸುಮಾರು ಒಂಬತ್ತು ಗುಂಟೆ, ನಮ್ಮ ದೇಶದ ರಿಸೋರ್ಸ್‌ಸ್ಯಾಟ್ ಉಪಗ್ರಹದ ಲಿಸ್-3 ಕ್ಯಾಮೆರಾದ 23.5 ಮೀಟರ್ ಚೌಕ ಸುಮಾರು ಐದೂವರೆ ಗುಂಟೆ. ಎರಡು ಎಕರೆ ಹೊಲದ ಮೇಲೆ ಗಣಿಯ ಮಣ್ಣುಗುಡ್ಡೆ ಒತ್ತರಿಸಿ ಬಂದಿದೆಯೇ ಎಂಬ ಪ್ರಶ್ನೆಗೆ ಸೆಂಟಿನೆಲ್ ಚಿತ್ರದಲ್ಲಿ ಎಂಬತ್ತು ಚೌಕಗಳ ಸಾಕ್ಷ್ಯ ಸಿಗುತ್ತದೆ, ಲ್ಯಾಂಡ್‌ಸ್ಯಾಟ್‌ನಲ್ಲಿ ಒಂಬತ್ತು ಚೌಕಗಳದ್ದು ಮಾತ್ರ. ಅಂಚಿನ ಚೌಕಗಳಲ್ಲಿ ಅರ್ಧ ಹೊಲ, ಅರ್ಧ ಗುಡ್ಡೆ ಬೆರೆತಿರುತ್ತವೆಯಾದ್ದರಿಂದ ಅವುಗಳನ್ನು ನಂಬುವಂತಿಲ್ಲ. ಹಾಗಾಗಿ ಐದು ಹತ್ತು ಗುಂಟೆಯ ಒತ್ತುವರಿಯನ್ನು ಈ ಸೇವೆಯಿಂದ ಸಾಧಿಸಿ ತೋರಿಸಲು ಹೊರಡಬಾರದು. ಅದಕ್ಕೆ ಭೂಮಾಪಕರೇ ಬೇಕು.

ಇನ್ನು ಕಲ್ಲಿದ್ದಲು ಗಣಿಯ ವಿಷಯಕ್ಕೆ ಬರೋಣ. ಭಾರತದ ಕಲ್ಲಿದ್ದಲಿನಲ್ಲಿ ಶೇಕಡ 90ಕ್ಕೂ ಹೆಚ್ಚು ಪಾಲು ತೆರೆದ ಗಣಿಗಳಿಂದಲೇ ಬರುತ್ತದೆ. ತೆರೆದ ಗಣಿಯ ಬದುಕಿಗೆ ಒಂದು ಕ್ರಮವಿದೆ. ಮೊದಲು ಮರಗಿಡ ತೆಗೆಯುತ್ತಾರೆ, ಬಳಿಕ ಮೇಲ್ಮಣ್ಣು ಕೆರೆಯುತ್ತಾರೆ, ಅದರಡಿಯ ಕಲ್ಲುಮಣ್ಣನ್ನು ಸಿಡಿಸಿ ಪಕ್ಕದಲ್ಲಿ ಗುಡ್ಡೆ ಹಾಕುತ್ತಾರೆ, ಕಲ್ಲಿದ್ದಲಿನ ಪದರ ತೆರೆದುಕೊಳ್ಳುತ್ತದೆ, ಅದು ಮುಗಿದಂತೆ ಹಿಂದಿನ ಗುಂಡಿಯನ್ನು ತುಂಬುತ್ತಾ ಮುಂದೆ ಸಾಗುತ್ತಾರೆ, ತುಂಬಿದ ನೆಲದ ಮೇಲೆ ಗಿಡ ನೆಡುತ್ತಾರೆ, ಕೊನೆಗೆ ಉಳಿದ ಹಳ್ಳದಲ್ಲಿ ನೀರು ನಿಲ್ಲುತ್ತದೆ. ಈ ಹಂತಗಳಲ್ಲಿ ಪ್ರತಿಯೊಂದಕ್ಕೂ ಉಪಗ್ರಹ ಚಿತ್ರದಲ್ಲಿ ಒಂದು ಗುರುತು ಇದೆ. ಮಧ್ಯಪ್ರದೇಶದ ಸಿಂಗ್ರೌಲಿ ಮತ್ತು ಉತ್ತರಪ್ರದೇಶದ ಸೋನಭದ್ರ ಜಿಲ್ಲೆಗಳ ಗಡಿಯಲ್ಲಿ, 1962ರಲ್ಲಿ ಮುಗಿದ ರಿಹಂದ್ ಅಣೆಕಟ್ಟೆಯ ಜಲಾಶಯದ ಉತ್ತರಕ್ಕೆ, ಜಯಂತ್, ನಿಗಾಹಿ, ದೂಧಿಚುವಾ ಮೊದಲಾದ ಗಣಿಗಳು ಒತ್ತೊತ್ತಾಗಿ ಹರಡಿರುವುದನ್ನು ಈ ಬ್ರೌಸರಿನಲ್ಲಿ ತೆರೆದು ನೋಡಿದರೆ ಮೇಲಿನ ಹಂತಗಳೆಲ್ಲವೂ ಒಂದೇ ಪರದೆಯ ಮೇಲೆ ಕಾಣುತ್ತವೆ. ಜಲಾಶಯದ ದಂಡೆಯ ಉಷ್ಣ ವಿದ್ಯುತ್ ಸ್ಥಾವರಗಳ ಬೂದಿ ಹೊಂಡಗಳು ತೆಳು ಬೂದು ಬಣ್ಣದ ಚಪ್ಪಟೆ ಹರವಾಗಿ ಬೇರೆಯೇ ಕಾಣುತ್ತವೆ.

ಬಣ್ಣಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಹೊಸಬರು ದಾರಿ ತಪ್ಪುವುದು ಇಲ್ಲಿಯೇ. ಸಹಜ ಬಣ್ಣದ ಚಿತ್ರದಲ್ಲಿ ಗಣಿಯೊಳಗೆ ಮೂರು ವಸ್ತುಗಳು ಕಪ್ಪಾಗಿ ಕಾಣಬಹುದು: ಕಲ್ಲಿದ್ದಲು, ಆಳದ ನೀರು ಮತ್ತು ನೆರಳು. ಸೆಂಟಿನೆಲ್-2 ಬೆಳಿಗ್ಗೆ ಹತ್ತೂವರೆಯ ಆಸುಪಾಸಿನಲ್ಲಿ ಹಾದುಹೋಗುವುದರಿಂದ ಡಿಸೆಂಬರಿನಲ್ಲಿ ಸೂರ್ಯ ಆಗ್ನೇಯದಲ್ಲಿ ತಗ್ಗಾಗಿರುತ್ತಾನೆ. ಗುಂಡಿಯ ಆಗ್ನೇಯ ಗೋಡೆ ತನ್ನ ನೆರಳನ್ನು ಗುಂಡಿಯೊಳಕ್ಕೇ ಚೆಲ್ಲುತ್ತದೆ. ಏಪ್ರಿಲ್ ಚಿತ್ರದಲ್ಲಿ ಅದೇ ಕಪ್ಪು ಕುಗ್ಗಿದ್ದರೆ ಅದು ನೆರಳು. ಉಳಿದೆರಡನ್ನು ಬಿಡಿಸಲು, ಬ್ರೌಸರಿನಲ್ಲಿ ಸಿದ್ಧವಾಗಿ ಸಿಗುವ ಕಿರುತರಂಗ ಅವಕೆಂಪಿನ ಬಣ್ಣಸಂಯೋಜನೆಯನ್ನು ತೆರೆಯಬೇಕು. ಅದರಲ್ಲಿ ಗಿಡಮರ ಹಸಿರಾಗಿಯೂ ಬರಿನೆಲ ಕಂದಾಗಿಯೂ ತೋರುತ್ತವೆ; ನೀರು ಆ ಬೆಳಕನ್ನು ಪೂರ್ತಿ ನುಂಗಿ ಕಡುಗಪ್ಪಾಗುತ್ತದೆ. ಸಹಜ ಬಣ್ಣದಲ್ಲಿ ತುಸು ಹಸಿರು ನೀಲಿಯಾಗಿದ್ದು ಇಲ್ಲಿ ಕಪ್ಪಾದರೆ ನೀರು; ಎರಡರಲ್ಲೂ ಬೂದುಗಪ್ಪಾಗಿಯೇ ಉಳಿದರೆ ಕಲ್ಲಿದ್ದಲು ಎಂದು ತಿಳಿಯಬಹುದು. ಆದರೆ ಈ ಪಟ್ಟಿಗಳ ಚೌಕ 20 ಮೀಟರಿನದು, ಅಂದರೆ ನಾಲ್ಕು ಗುಂಟೆ. ಬಣ್ಣದ ಸ್ಪಷ್ಟತೆ ಹೆಚ್ಚಿದಾಗ ಗಡಿಯ ಸ್ಪಷ್ಟತೆ ಕಡಿಮೆಯಾಗುತ್ತದೆ ಎಂಬುದನ್ನು ವಿಸ್ತೀರ್ಣ ಅಳೆಯುವವರು ನೆನಪಿಡಬೇಕು.

ಹಸಿರನ್ನು ಅಳೆಯಲು ಎಲ್ಲರೂ ಬಳಸುವುದು ಎನ್‌ಡಿವಿಐ ಎಂಬ ಸಸ್ಯ ಸೂಚ್ಯಂಕವನ್ನು. ಜೀವಂತ ಎಲೆ ಕೆಂಪು ಬೆಳಕನ್ನು ಹೀರಿ ಸಮೀಪದ ಅವಕೆಂಪನ್ನು ಪ್ರತಿಫಲಿಸುತ್ತದೆ. ಈ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಸೂಚ್ಯಂಕ. ಸಂಖ್ಯೆ ಒಂದರ ಕಡೆಗೆ ಹೋದಷ್ಟೂ ಹಸಿರು ದಟ್ಟ, ಸೊನ್ನೆಯ ಹತ್ತಿರ ಬಂದರೆ ಬರಿನೆಲ. ಬ್ರೌಸರ್ ಇದನ್ನು ಒಂದೇ ಒತ್ತಿನಲ್ಲಿ ಕೊಡುತ್ತದೆ, ಮತ್ತು ಇಷ್ಟು ಸುಲಭವಾಗಿ ಕೊಡುವುದರಲ್ಲಿಯೇ ಅಪಾಯವಿದೆ. ಎರಡು ದಿನಾಂಕಗಳ ಸಂಖ್ಯೆಗಳನ್ನು ಹೋಲಿಸಿ "ಗಣಿ ಬಂದ ಮೇಲೆ ಇಷ್ಟು ಹಸಿರು ಹೋಯಿತು" ಅಥವಾ "ಗಣಿ ಮುಚ್ಚಿದ ಮೇಲೆ ಇಷ್ಟು ಹಸಿರು ಮರಳಿತು" ಎಂದು ಬರೆದುಬಿಡುವ ಆಸೆ ಯಾರಿಗೂ ಹುಟ್ಟುತ್ತದೆ. ಆ ಆಸೆಗೆ ಪಾವಗಡದಲ್ಲಿ ಮದ್ದಿದೆ.

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಇದೆ. ರೈತರು ಭೂಮಿಯನ್ನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಸೆಂಟಿನೆಲ್ ಚೌಕಗಳ ಲೆಕ್ಕದಲ್ಲಿ ಇದು ಐದು ಲಕ್ಷಕ್ಕೂ ಹೆಚ್ಚು ಚೌಕ. ಸಹಜ ಬಣ್ಣದ ಚಿತ್ರದಲ್ಲಿ ಫಲಕಗಳ ಸಾಲುಗಳು ಕಡು ನೀಲಿಬೂದು ಹಾಸುಗಳಾಗಿ ಯಾರ ಕಣ್ಣಿಗೂ ಬೀಳುತ್ತವೆ. ಆದರೆ ಸಸ್ಯ ಸೂಚ್ಯಂಕದ ಪದರವನ್ನು ತೆರೆದು, ಪಾರ್ಕ್ ಬರುವ ಮುಂಚಿನ ಒಂದು ಮಾರ್ಚ್ ತಿಂಗಳನ್ನೂ ಈಗಿನ ಒಂದು ಮಾರ್ಚ್ ತಿಂಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಐದು ಗ್ರಾಮಗಳ ಬದುಕೇ ಬದಲಾದ ನೆಲದಲ್ಲಿ ಸೂಚ್ಯಂಕ ಹೇಳುವುದು ಬಹಳ ಕಡಿಮೆ. ಕಾರಣ ಸ್ಪಷ್ಟವಿದೆ. ಪಾವಗಡ ಮಳೆಯಾಶ್ರಿತ ಕಡಲೆಕಾಯಿಯ ಸೀಮೆ. ಮುಂಗಾರಿನಲ್ಲಿ ಬಿತ್ತಿ, ಅಕ್ಟೋಬರ್ ನವೆಂಬರಿನಲ್ಲಿ ಗಿಡ ಕಿತ್ತ ಮೇಲೆ ಮುಂದಿನ ಮಳೆಯವರೆಗೂ ಹೊಲ ಬೀಡಾಗಿಯೇ ಬಿದ್ದಿರುತ್ತದೆ. ಮಾರ್ಚ್ ತಿಂಗಳ ಬೀಡು ಹೊಲವೂ ಬೆಳೆಯಿಲ್ಲದ ಫಲಕದ ಸಾಲೂ ಸೂಚ್ಯಂಕಕ್ಕೆ ಹೆಚ್ಚುಕಡಿಮೆ ಒಂದೇ. ಸೆಪ್ಟೆಂಬರಿನ ಚಿತ್ರದಲ್ಲಿ ಮಾತ್ರ ಪಾರ್ಕಿನ ಒಳಗಿನ ನೆಲ ಮತ್ತು ಹೊರಗೆ ಬಿತ್ತನೆಯಾದ ಹೊಲ ಎರಡೂ ಬೇರೆಬೇರೆಯಾಗುತ್ತವೆ. ಆ ಬೀಡಿನಲ್ಲಿ ಕುರಿ ಮೇಯಿಸುತ್ತಿದ್ದವರು, ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರು ಯಾವ ತಿಂಗಳಿನ ಚಿತ್ರದಲ್ಲಿಯೂ ಕಾಣುವುದಿಲ್ಲ. ಗುತ್ತಿಗೆಯ ಹಣ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ನೆಲ ಬಳಸುತ್ತಿದ್ದವರೆಲ್ಲರ ಹೆಸರೂ ಪಹಣಿಯಲ್ಲಿರುವುದಿಲ್ಲ.

ಇದೇ ಪಾಠವನ್ನು ಚಂದ್ರಾಪುರಕ್ಕೆ ಹೊತ್ತೊಯ್ಯಬೇಕು. ಅಲ್ಲಿ ಹತ್ತಿ, ಸೋಯಾ, ಭತ್ತದ ಹೊಲಗಳಿವೆ, ಜೊತೆಗೆ ತೇಗದ ಎಲೆಯುದುರುವ ಕಾಡುಗಳಿವೆ. ಬೇಸಿಗೆಯ ಚಿತ್ರದಲ್ಲಿ ಹೊಲವೂ ಬರಿದು, ಕಾಡೂ ಬರಿದು, ಗಣಿಯ ಗುಡ್ಡೆಯೂ ಬರಿದು. ತುಮಕೂರಿನಿಂದ ಹದಿನೈದು ಕಿಲೋಮೀಟರ್ ಆಚೆಗಿರುವ ದೇವರಾಯನದುರ್ಗದ ಕಾಡನ್ನು ಫೆಬ್ರವರಿ, ಮಾರ್ಚ್‌ನಲ್ಲಿಯೂ ಅಕ್ಟೋಬರ್‌ನಲ್ಲಿಯೂ ಈ ಬ್ರೌಸರಿನಲ್ಲಿ ತೆರೆದು ನೋಡಿದವರಿಗೆ, ಒಂದೇ ಮರವೂ ಕಡಿಯದೆ ಒಂದು ಕಾಡಿನ ಸೂಚ್ಯಂಕ ಎಷ್ಟು ಇಳಿಯಬಲ್ಲದು ಎಂಬುದು ಗೊತ್ತಾಗುತ್ತದೆ. ಆದ್ದರಿಂದ ಹೋಲಿಸುವ ಎರಡು ಚಿತ್ರಗಳು ಬೇರೆಬೇರೆ ವರ್ಷಗಳ ಒಂದೇ ತಿಂಗಳಿನವಾಗಿರಬೇಕು. ಅಷ್ಟೇ ಸಾಲದು, ಮಳೆಯ ದೃಷ್ಟಿಯಿಂದಲೂ ಹೋಲುವ ವರ್ಷಗಳಾಗಿರಬೇಕು. 2016 ನಮ್ಮಲ್ಲಿ ಬರದ ವರ್ಷ, 2022 ಕೆರೆಗಳೆಲ್ಲ ಕೋಡಿ ಹರಿದ ವರ್ಷ. ಇವೆರಡನ್ನು ಪಕ್ಕದಲ್ಲಿಟ್ಟರೆ ಜಿಲ್ಲೆಯ ಯಾವ ಗಣಿ ಬೆಟ್ಟವಾದರೂ ತಾನಾಗಿಯೇ ಪುನಶ್ಚೇತನಗೊಂಡಂತೆ ಕಾಣುತ್ತದೆ. ಗಣಿ ಕಂಪನಿಯ ವರದಿಯಲ್ಲಿ ಆಯ್ದುಕೊಂಡ ವರ್ಷಗಳಾವುವು ಎಂದು ಮೊದಲು ನೋಡುವ ಅಭ್ಯಾಸವನ್ನು ನಾನು ವಿದ್ಯಾರ್ಥಿಗಳಿಗೆ ಒತ್ತಿ ಕಲಿಸುತ್ತೇನೆ. ಪರಿಸರ ಹೋರಾಟಗಾರರ ವರದಿಗೂ ಇದೇ ಪರೀಕ್ಷೆ ಸಲ್ಲಬೇಕು.

ಮುಂಗಾರಿನ ಮೋಡ ಇದರ ಇನ್ನೊಂದು ಮುಖ. ಬೆಳೆ ಹಸಿರಾಗಿರುವ ಜುಲೈ, ಆಗಸ್ಟ್‌ನಲ್ಲಿಯೇ ಚಿತ್ರ ಸಿಗುವುದು ಕಷ್ಟ. ಐದು ದಿನಕ್ಕೊಮ್ಮೆ ಉಪಗ್ರಹ ಬಂದರೂ ಮೋಡದ ಬೆನ್ನನ್ನೇ ಚಿತ್ರಿಸಿ ಹೋಗುತ್ತದೆ. ಮೋಡ ತೂರಿ ನೋಡುವ ಸೆಂಟಿನೆಲ್-1 ರೇಡಾರ್ ಚಿತ್ರಗಳೂ ಇದೇ ಬ್ರೌಸರಿನಲ್ಲಿವೆ. ಗುಂಡಿಯಲ್ಲಿ ನಿಂತ ನೀರಿನ ಹರವನ್ನು ಮಳೆಗಾಲದಲ್ಲಿಯೂ ಅದರಲ್ಲಿ ಗುರುತಿಸಬಹುದು. ಉಳಿದ ಬಳಕೆಗೆ ತರಬೇತಿ ಇಲ್ಲದೆ ಕೈ ಹಾಕುವುದು ಬೇಡ. ಗಣಿ ಪ್ರದೇಶದ ಹೋಲಿಕೆಗೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗಿನ ಅವಧಿಯೇ ಒಳ್ಳೆಯದು ಎಂಬುದು ನನ್ನ ಅನುಭವ: ಮೋಡ ಸರಿದಿರುತ್ತದೆ, ಕಾಡು ಇನ್ನೂ ಎಲೆ ಉದುರಿಸಿರುವುದಿಲ್ಲ, ನಮ್ಮ ರಾಗಿಯೂ ಚಂದ್ರಾಪುರದವರ ಹತ್ತಿಯೂ ಹೊಲದಲ್ಲಿರುತ್ತವೆ.

ಚಿಕ್ಕನಾಯಕನಹಳ್ಳಿಯ ಪರೀಕ್ಷೆ ಬೇರೆ ಬಗೆಯದು. ಅದು ಕಬ್ಬಿಣದ ಅದಿರಿನ ಸೀಮೆ. ಬಳ್ಳಾರಿಯ ಗಣಿಗಾರಿಕೆಯನ್ನು 2011ರ ಜುಲೈನಲ್ಲಿ ನಿಲ್ಲಿಸಿದ ಸುಪ್ರೀಂ ಕೋರ್ಟ್ ಅದೇ ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ಆ ಆದೇಶವನ್ನು ವಿಸ್ತರಿಸಿತು. ನಂತರ ಗಣಿಗಳನ್ನು ಉಲ್ಲಂಘನೆಯ ಪ್ರಮಾಣಕ್ಕೆ ಅನುಗುಣವಾಗಿ ಎ, ಬಿ, ಸಿ ಎಂದು ವಿಂಗಡಿಸಲಾಯಿತು, 2013ರ ಏಪ್ರಿಲ್ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು, ಉಳಿದವು ಪುನಶ್ಚೇತನ ಯೋಜನೆ ರೂಪಿಸಿಕೊಂಡ ಮೇಲೆಯೇ ಕೆಲಸ ಆರಂಭಿಸಬೇಕಾಯಿತು. ಈ ಬೆಟ್ಟಸಾಲಿನ ಚಿತ್ರದಲ್ಲಿ ಕೆಂಪು ಕಂದು ಬಣ್ಣದ ಗಾಯಗಳು, ಅವುಗಳ ಕೆಳಗೆ ತೆಂಗಿನ ತೋಟಗಳು, ನಡುನಡುವೆ ನೀಲಗಿರಿ ತೋಪುಗಳು ಕಾಣುತ್ತವೆ. ತೆಂಗೂ ನೀಲಗಿರಿಯೂ ವರ್ಷವಿಡೀ ಹಸಿರು. ಸಸ್ಯ ಸೂಚ್ಯಂಕದ ಪ್ರಕಾರ ಬೇಸಿಗೆಯಲ್ಲಿ ನೀಲಗಿರಿ ತೋಪು ಸಹಜ ಕುರುಚಲು ಕಾಡಿಗಿಂತ ಮೇಲು. ಆದರೆ ಈ ಸೀಮೆಯ ಜನಕ್ಕೆ ನೀಲಗಿರಿ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಂತರ್ಜಲದ ಚಿಂತೆಯಿಂದ ರಾಜ್ಯ ಸರ್ಕಾರ 2017ರಲ್ಲಿ ಅದನ್ನು ಹೊಸದಾಗಿ ಬೆಳೆಸುವುದನ್ನೇ ನಿಷೇಧಿಸಿತು. ಕಲ್ಲಿದ್ದಲು ಗಣಿಯ ಮಣ್ಣುಗುಡ್ಡೆಯ ಮೇಲೆ ಬೇಗ ಬೆಳೆಯುವ ಒಂದೆರಡು ಜಾತಿಯ ಮರಗಳನ್ನು ನೆಟ್ಟರೆ ಕೆಲವೇ ವರ್ಷಗಳಲ್ಲಿ ಚಿತ್ರದಲ್ಲಿ ಗಾಢ ಹಸಿರು ಮೂಡುತ್ತದೆ. ಅಲ್ಲಿ ಮೊದಲಿದ್ದ ಇಪ್ಪೆ, ತೂಬರೆ, ತೇಗದ ಕಾಡು ಮರಳಿದೆಯೇ, ಮೇಲ್ಮಣ್ಣನ್ನು ಜೋಪಾನ ಮಾಡಿ ಮತ್ತೆ ಹರಡಿದ್ದಾರೆಯೇ, ಹಳ್ಳಿಯವರು ಒಳಗೆ ಹೋಗಿ ಸೌದೆ, ಎಲೆ, ಹೂವು ತರಬಹುದೇ ಎಂಬ ಯಾವ ಪ್ರಶ್ನೆಗೂ ಆ ಹಸಿರಿನಲ್ಲಿ ಉತ್ತರವಿಲ್ಲ.

ಸರ್ಕಾರಿ ಕಡೆಯಿಂದಲೂ ಈ ಕೆಲಸ ನಡೆಯುತ್ತಿದೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಕೋಲ್ ಇಂಡಿಯಾದ ಅಂಗಸಂಸ್ಥೆಯಾದ, ರಾಂಚಿಯ ಕೇಂದ್ರ ಗಣಿ ಯೋಜನೆ ಮತ್ತು ವಿನ್ಯಾಸ ಸಂಸ್ಥೆಯು ಕಲ್ಲಿದ್ದಲನ್ನೂ ಮೇಲಿನ ಕಲ್ಲುಮಣ್ಣನ್ನೂ ಸೇರಿಸಿ ವರ್ಷಕ್ಕೆ 50 ಲಕ್ಷ ಘನ ಮೀಟರಿಗಿಂತ ಹೆಚ್ಚು ತೆಗೆಯುವ ತೆರೆದ ಗಣಿಗಳನ್ನು ಪ್ರತಿ ವರ್ಷವೂ, ಅದಕ್ಕಿಂತ ಚಿಕ್ಕವನ್ನು ಮೂರು ವರ್ಷಗಳಿಗೊಮ್ಮೆಯೂ ಉಪಗ್ರಹ ಚಿತ್ರಗಳಿಂದ ಪರಿಶೀಲಿಸಿ ವರದಿ ಮಾಡುತ್ತದೆ. ಆ ವರದಿಗಳಲ್ಲಿ ಗಿಡ ನೆಟ್ಟ ನೆಲ, ತುಂಬಿದ ನೆಲ ಮತ್ತು ಗಣಿ ನಡೆಯುತ್ತಿರುವ ನೆಲ ಎಂಬ ವಿಭಾಗಗಳಿರುತ್ತವೆ. ಓದುವವರು ಗಮನಿಸಬೇಕಾದ ಒಂದು ಅಂಶವಿದೆ: ಗುಂಡಿಗೆ ಮಣ್ಣು ತುಂಬಿ, ಇನ್ನೂ ಏನೂ ಬೆಳೆಯದ ನೆಲವೂ ತಾಂತ್ರಿಕ ಪುನಶ್ಚೇತನ ಎಂಬ ಹೆಸರಿನಲ್ಲಿ ಪುನಶ್ಚೇತನದ ಶೇಕಡಾವಾರು ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಒಟ್ಟು ಸಂಖ್ಯೆಯನ್ನು ಬಿಟ್ಟು ಗಿಡ ನೆಟ್ಟ ಭಾಗದ ಸಂಖ್ಯೆಯನ್ನೇ ಬೇರೆಯಾಗಿ ಓದಿ, ಅದೇ ಜಾಗವನ್ನು ಬ್ರೌಸರಿನಲ್ಲಿ ತೆರೆದು ನೋಡುವುದು ಒಳ್ಳೆಯ ಅಭ್ಯಾಸ.

ಬೇರೆ ಸೇವೆಗಳೊಂದಿಗೆ ಹೋಲಿಸಿದರೆ ಕೋಪರ್ನಿಕಸ್ ಬ್ರೌಸರಿನ ದೊಡ್ಡ ಕೊರತೆ ಎಂದರೆ ಸೆಂಟಿನೆಲ್-2ರ ಚಿತ್ರಗಳು 2015ರಿಂದ ಈಚೆಗಿನವು ಮಾತ್ರ. ಸಿಂಗ್ರೌಲಿಯ ಗಣಿಗಳ ಕಥೆ ಅದಕ್ಕೂ ಹಲವು ದಶಕ ಹಳೆಯದು. ಅದನ್ನು ನೋಡಲು ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್ ಸೌಲಭ್ಯಕ್ಕೆ ಹೋಗಬೇಕು. 1984ರಿಂದ ವರ್ಷಕ್ಕೊಂದು ಚಿತ್ರದಂತೆ ಕಾಡಿನ ಅಂಚು ಹಿಂದೆ ಸರಿಯುವುದನ್ನು ಅದು ತೋರಿಸುತ್ತದೆ. ಅದಕ್ಕೆ ಆಧಾರವಾದ ಲ್ಯಾಂಡ್‌ಸ್ಯಾಟ್ ಸಂಗ್ರಹ 1972ರಲ್ಲಿ ಶುರುವಾಗಿ 2008ರಿಂದ ಎಲ್ಲರಿಗೂ ಉಚಿತವಾಗಿದೆ. ನಮ್ಮ ಇಸ್ರೋದ ಭುವನ್ ಜಾಲತಾಣ 2009ರಿಂದ ಇದೆ. ಅದರ 1:50,000 ಪ್ರಮಾಣದ ಭೂಬಳಕೆ ನಕಾಶೆಗಳು 2005-06, 2011-12 ಮತ್ತು 2015-16ರ ಮೂರು ಸುತ್ತುಗಳಲ್ಲಿ ಸಿಗುತ್ತವೆ. ಸುತ್ತುಗಳ ನಡುವೆ ವರ್ಷಗಳ ಅಂತರವಿದ್ದರೂ ಭುವನ್ ಪರವಾಗಿ ನಾನು ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಅದರಲ್ಲಿ ಗಣಿ ಎಂಬ ಪ್ರತ್ಯೇಕ ವರ್ಗವಿದೆ. ಈಚೆಗೆ ಪ್ರಸಿದ್ಧವಾಗಿರುವ, ಯಂತ್ರಕಲಿಕೆಯಿಂದ (ಕಂಪ್ಯೂಟರೇ ಮಾದರಿಗಳಿಂದ ಕಲಿತು ಗುರುತಿಸುವ ವಿಧಾನ) ತಯಾರಾದ ಡೈನಮಿಕ್ ವರ್ಲ್ಡ್ ಎಂಬ ನೆಲಹೊದಿಕೆ ನಕಾಶೆಯ ಒಂಬತ್ತು ವರ್ಗಗಳಲ್ಲಿ ಗಣಿ ಇಲ್ಲವೇ ಇಲ್ಲ. ಅದರಲ್ಲಿ ಗಣಿಯ ಗುಂಡಿ ಬರಿನೆಲವೋ ಕಟ್ಟಡವೋ ನೀರೋ ಆಗಿ ಹಂಚಿಹೋಗುತ್ತದೆ. ಗಣಿಗಳ ಸುತ್ತ ಜಲಮೂಲ ಹೆಚ್ಚಾಗಿದೆ ಎಂಬ ಅಂಕಿಯನ್ನು ಯಾರಾದರೂ ತೋರಿಸಿದರೆ ಅದರಲ್ಲಿ ಕೈಬಿಟ್ಟ ಗುಂಡಿಗಳೆಷ್ಟು ಎಂದು ಕೇಳಲೇಬೇಕು. ನಮ್ಮ ಹಿರಿಯರು ಕಟ್ಟಿಸಿದ ಕೆರೆಯೂ ಗಣಿಯ ಹಳ್ಳದ ನೀರೂ ನಕಾಶೆಯಲ್ಲಿ ಒಂದೇ ನೀಲಿ. ಕೆರೆಗೆ ತೂಬಿದೆ, ಅಚ್ಚುಕಟ್ಟಿದೆ, ದನ ಇಳಿಯುವ ದಂಡೆಯಿದೆ. ಹಳ್ಳಕ್ಕೆ ಕಡಿದಾದ ಗೋಡೆಗಳಷ್ಟೇ ಇವೆ.

ಈ ಸೇವೆಯಿಂದ ಆಗದ ಕೆಲಸಗಳನ್ನೂ ಹೇಳಿಬಿಡುತ್ತೇನೆ. ಜಾರ್ಖಂಡಿನ ಝರಿಯಾದಲ್ಲಿ 1916ರಿಂದ ದಾಖಲಾಗಿರುವ ನೆಲದಡಿಯ ಬೆಂಕಿಯನ್ನು ಸೆಂಟಿನೆಲ್-2ರಿಂದ ಅಳೆಯಲಾಗದು, ಅದಕ್ಕೆ ನೆಲದ ಶಾಖ ಅಳೆಯುವ ಪಟ್ಟಿಯೇ ಇಲ್ಲ. ಲ್ಯಾಂಡ್‌ಸ್ಯಾಟ್-8ರಲ್ಲಿ ಅದಿದೆಯಾದರೂ ಮೂಲ ಚೌಕ 100 ಮೀಟರಿನದು, ಅಂದರೆ ಸುಮಾರು ಎರಡೂವರೆ ಎಕರೆಯ ಸರಾಸರಿ ತಾಪ. ನೆಲದೊಳಗಿನ ಗಣಿಗಳ ಮೇಲೆ ಭೂಮಿ ಕುಸಿಯುವುದನ್ನು ಅಳೆಯಲು ರೇಡಾರಿನ ವಿಶೇಷ ಸಂಸ್ಕರಣೆ ಬೇಕು, ಅದು ಬ್ರೌಸರಿನಲ್ಲಿ ಒತ್ತಿದರೆ ಸಿಗುವಂಥದ್ದಲ್ಲ. ಭೂಮಿ ಯಾರದು ಎಂಬುದು ಇದರಲ್ಲಿ ಇಲ್ಲ. ನಮ್ಮ ರಾಜ್ಯದೊಳಗಾದರೆ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ, ಪಹಣಿ ತೆಗೆದು, ಗೋಮಾಳವೋ ಹಿಡುವಳಿಯೋ ಎಂದು ತಿಳಿಯಬಹುದು. ಹೊರರಾಜ್ಯದ ಗಣಿಗಳಿಗೆ ಆಯಾ ರಾಜ್ಯದ ಭೂದಾಖಲೆಗಳನ್ನೇ ಹುಡುಕಬೇಕು.

ಬಳಕೆಯ ಅನುಕೂಲದ ದೃಷ್ಟಿಯಿಂದ ನನಗೆ ಬೇಸರವಿರುವುದು ಭಾಷೆಯ ಬಗ್ಗೆ. ಪುಟವೆಲ್ಲ ಪರಭಾಷೆಯಲ್ಲಿದೆ, ಕನ್ನಡದಲ್ಲಿ ಇಲ್ಲ. ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು ಒಬ್ಬರೇ ಕುಳಿತು ಇದನ್ನು ಬಳಸುವುದು ಕಷ್ಟ. ಪಕ್ಕದಲ್ಲಿ ಕಾಲೇಜು ಓದುವ ಮಗಳೋ ಮಗನೋ ಇದ್ದರೆ ಒಂದು ಸಂಜೆಯಲ್ಲಿ ಕಲಿಯಬಹುದು. ಮೊಬೈಲಿನಲ್ಲಿ ತೆರೆಯಬಹುದಾದರೂ ಗೆರೆ ಎಳೆದು ವಿಸ್ತೀರ್ಣ ತೆಗೆಯುವ ಕೆಲಸಕ್ಕೆ ಕಂಪ್ಯೂಟರೇ ಬೇಕು. ನೆಟ್ ನಿಧಾನವಿರುವ ಹಳ್ಳಿಗಳಲ್ಲಿ ಚಿತ್ರಗಳು ತುಂಡುತುಂಡಾಗಿ ಮೂಡುತ್ತವೆ, ತಾಳ್ಮೆ ಬೇಕು. ಇವು ಸಣ್ಣ ತೊಂದರೆಗಳು.

ಗಣಿಗೆ ಸಂಬಂಧಿಸಿದ ಸಾರ್ವಜನಿಕ ಅಹವಾಲು ಸಭೆಗೆ ಹೋಗುವವರಿಗೆ ಈ ಸೇವೆಯನ್ನು ನಾನು ವಿಶೇಷವಾಗಿ ಶಿಫಾರಸು ಮಾಡುತ್ತೇನೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಅನುಮತಿ ಪಡೆದ ಯೋಜನೆಗಳು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತುಗಳ ಪಾಲನಾ ವರದಿ ಸಲ್ಲಿಸಬೇಕು. ಗಣಿಯ ಗುಂಡಿ, ಗುಡ್ಡೆ, ನೆಡುತೋಪುಗಳ ಬಗ್ಗೆ ಆ ವರದಿ ಏನು ಹೇಳುತ್ತದೆ ಎಂಬುದನ್ನು ಅದೇ ತಿಂಗಳ ಉಪಗ್ರಹ ಚಿತ್ರದೊಂದಿಗೆ ತಾಳೆ ನೋಡುವುದು ಈಗ ಯಾವ ನಾಗರಿಕನಿಗೂ ಸಾಧ್ಯವಿರುವ ಕೆಲಸ. ಚಿತ್ರವನ್ನು ಸಭೆಯಲ್ಲಿ ಕೊಡುವಾಗ ಬರೇ ಪರದೆಯ ಫೋಟೋ ತೆಗೆದು ಕೊಡಬೇಡಿ. ಉಪಗ್ರಹದ ಹೆಸರು, ಚಿತ್ರ ತೆಗೆದ ದಿನಾಂಕ, ಬಳಸಿದ ಬಣ್ಣಸಂಯೋಜನೆ, ಅಳತೆಯ ಪಟ್ಟಿ, ಗಡಿಯ ಕಡತ ಎಲ್ಲಿಂದ ಬಂತು ಎಂಬ ವಿವರಗಳನ್ನು ಅದರ ಕೆಳಗೇ ಬರೆಯಿರಿ. ಅದೇ ದಿನಾಂಕದ ಸಹಜ ಬಣ್ಣದ ಚಿತ್ರವನ್ನೂ ಜೊತೆಗಿಡಿ. ಆ ಜಾಗದಲ್ಲಿ ಹಿಂದೆ ಉಳುತ್ತಿದ್ದವರು, ದನ ಕುರಿ ಮೇಯಿಸುತ್ತಿದ್ದವರು ಯಾರು ಎಂಬುದನ್ನು ಊರಿನ ಹಿರಿಯರಿಂದ ಕೇಳಿ ಬರೆದುಕೊಂಡು, ಅವರ ಒಪ್ಪಿಗೆ ಇದ್ದರೆ ಅದನ್ನೂ ಅಹವಾಲಿಗೆ ಲಗತ್ತಿಸಿ.